ಹೇರು ಕಟ್ಟುವ ವಿದ್ಯೆ

(ಬಾನುಲಿ ಭಾಷಣ)

ನಮ್ಮ ವೇದಾಂತಿಗಳಿಗೆ ಹಗ್ಗವೆಂದರೆ ಬಹಳ ಪ್ರೀತಿ. ಆದರೆ ಮಬ್ಬುಗತ್ತಲೆಯಲ್ಲಿ ಅದು ಹಾವಾಗಿ ಕಾಣಿಸಿದಾಗ ಮಾತ್ರ. ದೀಪ ತಂದು ನೋಡಿ, ‘ಇದು ಹಾವಲ್ಲ, ಬರಿಯ ಹಗ್ಗ’ ಎಂದು ತಿಳಿದೊಡನೆ ಅವರ ಕೆಲಸ ಮುಗಿಯಿತು. ಭ್ರಮೆ ಕಳೆದ ಮೇಲೆ ಹಗ್ಗವನ್ನು ಅಲ್ಲಿಯೇ ಬಿಟ್ಟು ಅವರು ಬ್ರಹ್ಮವಸ್ತುವಿನ ಕಡೆಗೆ ಹೊರಟುಬಿಡುತ್ತಾರೆ. ಆ ಹಗ್ಗವನ್ನು ಹೊಸೆದವರು ಯಾರು, ಅದರಿಂದ ಏನನ್ನು ಕಟ್ಟುತ್ತಿದ್ದರು, ಯಾವ ಬಗೆಯ ಗಂಟು ಹಾಕುತ್ತಿದ್ದರು ಎಂದು ಕೇಳಿದವರಿಲ್ಲ. ಹಗ್ಗವನ್ನು ಹಗ್ಗವೆಂದೇ ತಿಳಿದು ಅದನ್ನು ಕುರಿತು ನಾಲ್ಕು ಮಾತು ಆಡುವುದು ಈ ಭಾಷಣದ ಉದ್ದೇಶ. ಅದರಲ್ಲಿಯೂ, ಲಾರಿಯ ಮೇಲೆ ಹೇರಿದ ಸರಕಿಗೆ ಟಾರ್ಪಾಲು ಹೊದಿಸಿ ಹಗ್ಗದಿಂದ ಬಿಗಿಯುವ ವಿದ್ಯೆಯ ಚರಿತ್ರೆಯನ್ನು ನಾನು ಇಲ್ಲಿ ಆರಿಸಿಕೊಂಡಿದ್ದೇನೆ.

ಇದೊಂದು ವಿದ್ಯೆಯೇ, ಇದಕ್ಕೊಂದು ಚರಿತ್ರೆಯೇ ಎಂದು ಕೆಲವರು ನಕ್ಕಾರು. ನಗುವ ಮುನ್ನ ಒಂದು ದಿನ ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಬಳಿ, ಅರ್ಧ ಗಂಟೆ ನಿಂತು ನೋಡಬೇಕು. ತಲೆಯ ಮೇಲೆ 2010ರಲ್ಲಿ ತೆರೆದ ಮೇಲುರಸ್ತೆ. ಸನಿಹದಲ್ಲಿಯೇ 2025ರ ಆಗಸ್ಟಿನಲ್ಲಿ ಆರಂಭವಾದ ಮೆಟ್ರೋ ರೈಲಿನ ಹಳದಿ ಮಾರ್ಗ. ಇಕ್ಕೆಲದಲ್ಲಿ ಗಾಜಿನ ಸೌಧಗಳು. ಇವುಗಳ ನಡುವೆ ನೆಲದ ಮೇಲಿನ ರಸ್ತೆಯಲ್ಲಿ ಕಂಟೇನರು ಹೊತ್ತ ಉದ್ದನೆಯ ಬಂಡಿಗಳ ಹಿಂದೆ ಮುಂದೆ ಇನ್ನೂ ಒಂದೊಂದು ತೆರೆದ ಲಾರಿ ಸಾಗುತ್ತಿರುತ್ತದೆ. ಅದರ ಬೆನ್ನ ಮೇಲೆ ಮೂಟೆಗಳ ಬೆಟ್ಟ. ಬೆಟ್ಟದ ಮೇಲೆ ಕಂದು ಬಣ್ಣದ ಟಾರ್ಪಾಲು. ಟಾರ್ಪಾಲಿನ ಮೇಲೆ ಹೆಣೆದ ಹಾಗೆ ಹಗ್ಗಗಳು. ಹತ್ತು ಟನ್ನು ತೂಕದ ಆ ಬೆಟ್ಟವನ್ನು ನೂರಾರು ಮೈಲಿ ಜಾರದಂತೆ, ನೆನೆಯದಂತೆ ತಲಪಿಸುವುದು ಎಂಜಿನ್ನಿನ ಶಕ್ತಿಯಲ್ಲ. ಎಂಜಿನ್ನು ಬಂಡಿಯನ್ನು ಮಾತ್ರ ಒಯ್ಯುತ್ತದೆ. ಸರಕನ್ನು ಬಂಡಿಯ ಜೊತೆಗೆ ಒಯ್ಯುವುದು ಹಗ್ಗ.

ಈ ವಿದ್ಯೆ ಲಾರಿಯ ಜೊತೆಗೆ ಹುಟ್ಟಿದ್ದಲ್ಲ. ಅದರ ಬೇರನ್ನು ಹುಡುಕುವವರಿಗೆ ಮೊದಲು ದಾರಿ ತೋರಿಸುವುದು ನಮ್ಮ ಭಾಷೆಯೇ. ಹಳಗನ್ನಡದಲ್ಲಿ ‘ಪ’ಕಾರವಾಗಿದ್ದುದು ನಡುಗನ್ನಡದಲ್ಲಿ ‘ಹ’ಕಾರವಾಯಿತೆಂಬುದನ್ನು ನಾವು ಪಾಲು ಹಾಲಾದ, ಪೂ ಹೂವಾದ ಉದಾಹರಣೆಗಳಿಂದ ಕಲಿಯುತ್ತೇವೆ. ಅದೇ ದಾರಿಯಲ್ಲಿ ಪಗ್ಗವು ಹಗ್ಗವಾಯಿತು, ಪೇರು ಹೇರಾಯಿತು. ಶಾಸನಗಳನ್ನು ಓದಿದವರಿಗೆ ಈ ‘ಪೇರು’ ಶಬ್ದ ಚಿರಪರಿಚಿತ. ಚಾಲುಕ್ಯರ, ಹೊಯ್ಸಳರ ಕಾಲದ ದತ್ತಿಶಾಸನಗಳಲ್ಲಿ ವರ್ತಕರು ದೇವಾಲಯಕ್ಕೆ ಬಿಟ್ಟ ಆಯವನ್ನು ಹೇಳುವಾಗ ಅಡಕೆಯ ಹೇರಿಗೆ ಇಷ್ಟು, ಎಲೆಯ ಹೇರಿಗೆ ಇಷ್ಟು, ಎತ್ತಿನ ಹೇರಿಗೆ ಇಷ್ಟು, ಕತ್ತೆಯ ಹೇರಿಗೆ ಇಷ್ಟು ಎಂದು ಲೆಕ್ಕ ಕೊಡುವುದುಂಟು. ಹೇರು ಎಂದರೆ ಬರಿಯ ಭಾರವಲ್ಲ. ಕಟ್ಟಿ ಸಿದ್ಧಪಡಿಸಿದ, ಎಣಿಕೆಗೆ ಸಿಕ್ಕುವ ಭಾರ. ಅಯ್ಯಾವೊಳೆಯ ಐನೂರ್ವರಂತಹ ವರ್ತಕ ಸಂಘಗಳ ಕೊಡುಗೆ, ಅರಸರ ಹೆಜ್ಜುಂಕ ಎಲ್ಲವೂ ಈ ಎಣಿಕೆಯ ಮೇಲೆ ನಿಂತಿದ್ದವು. ಹೀಗೆ, ಸರಿಯಾಗಿ ಕಟ್ಟಿದ ಹೇರು ರಾಜ್ಯದ ಬೊಕ್ಕಸಕ್ಕೂ ದೇವರ ನಂದಾದೀಪಕ್ಕೂ ಆಧಾರವಾಗಿತ್ತು.

ಆ ಹೇರನ್ನು ಹೊತ್ತದ್ದು ಎತ್ತಿನ ಬೆನ್ನು. ಎತ್ತಿನ ಎರಡು ಪಕ್ಕಗಳಲ್ಲಿ ಎರಡು ಗೋಣಿಗಳು ಸಮತೂಕವಾಗಿ ತೂಗಬೇಕು. ಒಂದು ಕಡೆ ಎರಡು ಸೇರು ಹೆಚ್ಚಾದರೂ ಹೇರು ಜಾರುತ್ತದೆ, ಇಲ್ಲವೆ ಎತ್ತಿನ ಬೆನ್ನು ಹುಣ್ಣಾಗುತ್ತದೆ. ಈ ‘ಗೋಣಿ’ ಪಾಣಿನಿಯ ಕಾಲಕ್ಕಾಗಲೇ ಚೀಲವೆಂಬ ಅರ್ಥದಲ್ಲಿ ಬಳಕೆಯಲ್ಲಿದ್ದ ಶಬ್ದ. ಇಂಗ್ಲಿಷರು ಅದನ್ನೇ ಎತ್ತಿಕೊಂಡು ‘ಗನ್ನಿ’ ಎಂದು ಕರೆದರು. ಉಪ್ಪು, ಧಾನ್ಯಗಳನ್ನು ಗೋಣಿಗಳಲ್ಲಿ ತುಂಬಿ ಸಾವಿರಗಟ್ಟಲೆ ಎತ್ತುಗಳೊಡನೆ ನಾಡಿನಿಂದ ನಾಡಿಗೆ ನಡೆದವರು ಲಂಬಾಣಿಗಳು. 1791-92ರಲ್ಲಿ ಕಾರ್ನ್‌ವಾಲಿಸನು ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದಾಗ ಅವನ ಸೈನ್ಯದ ಹಸಿವನ್ನು ನೀಗಿಸಿದ್ದು ಇಂತಹ ಬಂಜಾರರ ಎತ್ತಿನ ಹಿಂಡುಗಳು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ನನು ಬೆಂಗಳೂರಿನ ಪೇಟೆಯ ವ್ಯಾಪಾರವನ್ನು ವರ್ಣಿಸುವಾಗಲೂ ಸರಕು ಬಂದು ಹೋಗುತ್ತಿದ್ದುದು ದನದ ಬೆನ್ನ ಮೇಲೆಯೇ.

ಇನ್ನು ಹಗ್ಗದ ಮಾತು. ಕನ್ನಡಿಗನ ಬದುಕು ಹಗ್ಗಗಳಿಂದ ಎಷ್ಟು ಬಿಗಿಯಲ್ಪಟ್ಟಿತ್ತೆಂಬುದಕ್ಕೆ ನಮ್ಮ ಶಬ್ದಸಂಪತ್ತೇ ಸಾಕ್ಷಿ. ದನದ ಕೊರಳಿಗೆ ಕಣ್ಣಿ, ಮೂಗಿಗೆ ಮೂಗುದಾರ, ಸಾಲಾಗಿ ಕಟ್ಟಲು ದಾವಣಿ, ನೊಗಕ್ಕೆ ಮಿಣಿ, ದೊಡ್ಡ ಭಾರಕ್ಕೆ ಹೊರಜಿ. ಒಂದಾನೊಂದು ಕಾಲದಲ್ಲಿ ‘ನೇಣು’ ಎಂಬುದು ಕೂಡ ಸಾಮಾನ್ಯವಾದ ಹಗ್ಗವೇ. ಇಂದು ಅದು ಕೊರಳಿಗೆ ಬಿದ್ದು ಅಮಂಗಳಕರವಾಗಿದೆ. ಗಂಟುಗಳಲ್ಲಿಯೂ ಅಷ್ಟೆ: ಎಳೆದಷ್ಟೂ ಬಿಗಿಯುವ ಜೀರುಗುಣಿಕೆ, ಬಿಚ್ಚಲಾಗದ ಕಗ್ಗಂಟು, ವಿಧಿಯೇ ಹಾಕಿದ ಬ್ರಹ್ಮಗಂಟು. ಒಂದು ‘ಕಟ್ಟು’ ಎಂಬ ಧಾತುವಿನಿಂದ ನಾವು ಮೂಟೆಯನ್ನೂ ಕಟ್ಟುತ್ತೇವೆ, ಮನೆಯನ್ನೂ ಕಟ್ಟುತ್ತೇವೆ, ಹಾಡನ್ನೂ ಕಟ್ಟುತ್ತೇವೆ. ಸಂಸ್ಕೃತದ ‘ಗ್ರಂಥ’ ಶಬ್ದವೂ ‘ಗ್ರಂಥಿ’ ಶಬ್ದವೂ ಒಂದೇ ಧಾತುವಿನವು. ಓಲೆಗಳಿಗೆ ರಂಧ್ರ ಕೊರೆದು ದಾರದಿಂದ ಕಟ್ಟಿದಾಗಲೇ ಅದು ಗ್ರಂಥ. ಆದ್ದರಿಂದ ಪಂಡಿತರು ಗಂಟು ಕಟ್ಟುವವರನ್ನು ಕಡೆಗಣ್ಣಿನಿಂದ ನೋಡಬೇಕಾದ ಕಾರಣವಿಲ್ಲ. ಇಬ್ಬರ ಕಸುಬೂ ಒಂದೇ.

ಹನ್ನೆರಡನೆಯ ಶತಮಾನದ ಶರಣರು ಈ ಸತ್ಯವನ್ನು ಬಲ್ಲವರಾಗಿದ್ದರು. ನುಲಿಯ ಚಂದಯ್ಯನನ್ನು ನೆನೆಯಿರಿ. ಕೆರೆಯ ದಡದ ಹುಲ್ಲನ್ನು ಕೊಯ್ದು, ನುಲಿದು, ಹಗ್ಗ ಮಾಡಿ ಮಾರಿ, ಬಂದುದರಿಂದ ಜಂಗಮದಾಸೋಹ ನಡೆಸಿದವನು ಆತ. ‘ನುಲಿ’ ಎಂದರೆ ಹೊಸೆ, ತಿರುಚು. ಕಸುಬೇ ಆತನ ಹೆಸರಿಗೆ ಮುಕುಟವಾಯಿತು. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿದ್ದರೂ ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಆತನ ಕಥೆಯನ್ನು ‘ಶೂನ್ಯಸಂಪಾದನೆ’ಯನ್ನು ಓದಿದವರೆಲ್ಲ ಬಲ್ಲರು. ಹಗ್ಗ ಹೊಸೆಯುವ ಚಂದಯ್ಯ, ಹೇರಿಗೆ ಸುಂಕ ಎಣಿಸುವ ಸುಂಕದ ಬಂಕಣ್ಣ, ಹೊಳೆ ದಾಟಿಸುವ ಅಂಬಿಗರ ಚೌಡಯ್ಯ - ಸರಕಿನ ದಾರಿಯಲ್ಲಿ ಎದುರಾಗುವ ಮೂವರೂ ತಮ್ಮ ಹೆಸರಿನಲ್ಲಿ, ತಮ್ಮ ಅಂಕಿತದಲ್ಲಿ, ತಮ್ಮ ಕಸುಬಿನ ಮಾತಿನಲ್ಲಿ ವಚನ ಹೇಳಿದರು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಿ. ಅದಕ್ಕೆ ಮತ್ತೆ ಬರಬೇಕಾಗಿದೆ.

ಎತ್ತಿನ ಬೆನ್ನಿನಿಂದ ಹೇರು ಗಾಡಿಗೆ ಇಳಿದದ್ದು ರಸ್ತೆಗಳಿಂದ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಗಾಡಿ ಓಡುವಂತಹ ರಸ್ತೆಗಳು ಹರಡಿಕೊಂಡವು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿನ ನಿಲ್ದಾಣಕ್ಕೆ ರೈಲು ಬಂದಿತು. ಎತ್ತಿನ ಗಾಡಿಯಲ್ಲಿ ಹೇರಿನ ನ್ಯಾಯವೇ ಬೇರೆ. ಇಲ್ಲಿ ಸಮತೂಕ ನೋಡಬೇಕಾದುದು ಎಡಬಲಗಳಲ್ಲಿ ಮಾತ್ರವಲ್ಲ, ಹಿಂದುಮುಂದುಗಳಲ್ಲಿಯೂ. ಭಾರ ಮುಂದಾದರೆ ಎತ್ತಿನ ಕತ್ತು ಕುಸಿಯುತ್ತದೆ. ಹಿಂದಾದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳಿಗೆ ಉರುಲಾಗುತ್ತದೆ. ಹುಲ್ಲಿನ ಗಾಡಿಯನ್ನು ಕಟ್ಟುವವನು ಹೊರೆಯ ಮೇಲೆ ಹೊರಜಿಯನ್ನು ಹಾಯಿಸಿ, ಅದರ ನಡುವೆ ಗೂಟ ತೂರಿಸಿ, ತಿರುವಿ ಬಿಗಿಯುತ್ತಿದ್ದನು. ಲಾರಿಯ ಕಟ್ಟಿನ ನೇರವಾದ ಪೂರ್ವಿಕ ಇದು. ಆದರೆ ಹೊಸ ರಸ್ತೆಯಿಂದ ಗಾಡಿಯವನು ಬದುಕಿದಂತೆ ಹೇರೆತ್ತಿನ ಲಂಬಾಣಿ ಬದುಕಲಿಲ್ಲ. ರಸ್ತೆಗಳೂ ರೈಲೂ ಬಂದಮೇಲೆ ಶತಮಾನಗಳ ಆ ಸಾಗಣೆಯ ಕಸುಬು ಕುಸಿದು ಬಿದ್ದಿತು. ದೇಶಕ್ಕೆ ಧಾನ್ಯ ಹೊತ್ತ ಜನ ತಾವೇ ಧಾನ್ಯಕ್ಕಾಗಿ ಅಲೆಯಬೇಕಾಯಿತು. ದಾರಿ ಬದಲಾದಾಗ ಹೇರು ಮಾತ್ರ ಬದಲಾಗುವುದಿಲ್ಲ, ಹೇರು ಕಟ್ಟುವವನ ಹಣೆಬರಹವೂ ಬದಲಾಗುತ್ತದೆಂಬುದು ಇಲ್ಲಿನ ಪಾಠ.

ಲಾರಿಗಳು ನಮ್ಮ ನಾಡಿನ ರಸ್ತೆಗಳನ್ನು ನಿಜವಾಗಿ ತುಂಬಿಕೊಂಡದ್ದು ಸ್ವಾತಂತ್ರ್ಯಾನಂತರ. 1948ರಲ್ಲಿ ಮದರಾಸಿನ ಎಣ್ಣೂರಿನಲ್ಲಿ ಅಶೋಕ್ ಮೋಟಾರ್ಸ್ ಸ್ಥಾಪಿತವಾಗಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. 1954ರಲ್ಲಿ ಜಮ್ಷೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಬೆಂಜ್ ಲಾರಿಗಳು ಹೊರಬಂದವು. ಕಾರ್ಖಾನೆಯಿಂದ ಬರುತ್ತಿದ್ದುದು ಬರಿಯ ಚಾಸಿ; ಗಾಲಿಗಳ ಮೇಲಿನ ಕಬ್ಬಿಣದ ಅಸ್ಥಿಪಂಜರ. ಅದಕ್ಕೆ ಮರದ ಮೈಯನ್ನು ಕೊಡುತ್ತಿದ್ದವರು ಊರಿನ ಬಡಗಿ, ಕಮ್ಮಾರರು. ಹೊಸೂರು ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ಸಿಕ್ಕುವ ನಾಮಕ್ಕಲ್ಲು ಈ ಕಸುಬಿಗೆ ಇಂದಿಗೂ ಪ್ರಸಿದ್ಧ. ಗಾಡಿಯ ಮೈಯನ್ನು ಕಟ್ಟಿದ ಕೈಗಳೇ ಲಾರಿಯ ಮೈಯನ್ನೂ ಕಟ್ಟಿದುವು. ಮೈಯ ಕೆಳಅಂಚಿನಲ್ಲಿ ಸಾಲಾಗಿ ಕಬ್ಬಿಣದ ಕೊಕ್ಕೆಗಳನ್ನು ಬಡಿದುವು. ಆ ಕೊಕ್ಕೆಗಳೇ ನಮ್ಮ ಕಥೆಯ ರಂಗಸ್ಥಳ.

ಹೇರನ್ನು ಕಟ್ಟುವ ಕೆಲಸ ಹಗ್ಗದಿಂದ ಆರಂಭವಾಗುವುದಿಲ್ಲ, ಅಟ್ಟಿಯಿಂದ ಆರಂಭವಾಗುತ್ತದೆ. ಹಮಾಲರು ಮೂಟೆಗಳನ್ನು ಇಟ್ಟಿಗೆಗೋಡೆಯಂತೆ, ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ, ಸಂದಿನ ಮೇಲೆ ಸಂದು ಬಾರದ ಹಾಗೆ ಒಟ್ಟುತ್ತಾರೆ. ಮೇಲೆ ಹೋದ ಹಾಗೆಲ್ಲ ಅಂಚಿನ ಮೂಟೆಗಳನ್ನು ಒಳಕ್ಕೆ ಸರಿಸಿ, ನೆತ್ತಿಯನ್ನು ಆನೆಯ ಬೆನ್ನಿನಂತೆ ದುಂಡಗೆ ಮಾಡುತ್ತಾರೆ. ಮಳೆಯ ನೀರು ನಿಲ್ಲದೆ ಇಳಿದುಹೋಗಬೇಕು. ಹಗ್ಗ ಎಲ್ಲ ಕಡೆಯೂ ಮೈಗೆ ಹತ್ತಿಕೊಂಡು ಕೂರಬೇಕು. ಚಪ್ಪಟೆಯಾದ ನೆತ್ತಿಯ ಮೇಲೆ ಹಗ್ಗ ಎರಡು ಅಂಚುಗಳನ್ನು ಮಾತ್ರ ಒತ್ತುತ್ತದೆ, ನಡುವಿನ ಮೂಟೆಗಳು ಅದರ ಅಂಕೆಗೆ ಸಿಕ್ಕುವುದಿಲ್ಲ. ದುಂಡಗಿನ ಬೆನ್ನಾದರೆ ಅದು ಉದ್ದಕ್ಕೂ ಅಪ್ಪಿಕೊಳ್ಳುತ್ತದೆ. ದೇವಾಲಯದ ಕಮಾನನ್ನು ಕಟ್ಟಿದ ಶಿಲ್ಪಿಗೆ ತಿಳಿದಿದ್ದ ಗಣಿತವೇ ಹಮಾಲನ ಬೆನ್ನಿಗೂ ತಿಳಿದಿರುತ್ತದೆ.

ಅನಂತರ ಟಾರ್ಪಾಲು. ಈ ಶಬ್ದದ ಹಿಂದೆ ಒಂದು ಸಮುದ್ರಯಾನವೇ ಇದೆ. ಇಂಗ್ಲೆಂಡಿನ ನಾವಿಕರು ದಪ್ಪನೆಯ ಬಟ್ಟೆಗೆ ಟಾರು ಸವರಿ ಮಳೆ, ಅಲೆಗಳಿಂದ ಸರಕನ್ನು ಮರೆಮಾಡುತ್ತಿದ್ದರು. ಟಾರಿನ ಹೊದಿಕೆ ಎಂಬರ್ಥದ ಆ ಹೆಸರು ಹದಿನೇಳನೆಯ ಶತಮಾನದಲ್ಲಿ ನಾವಿಕನಿಗೇ ಅಡ್ಡಹೆಸರಾಯಿತು. ನಮ್ಮಲ್ಲಿಗೆ ಬಂದು ಅದು ಟಾರ್ಪಾಲಾಯಿತು. ಉತ್ತರ ಕರ್ನಾಟಕದಲ್ಲಿ, ಮರಾಠಿಯಲ್ಲಿರುವಂತೆಯೇ, ಅದು ತಾಡಪತ್ರಿ. ಕವಿಗಳು ಕಾವ್ಯ ಬರೆದ ತಾಡಪತ್ರಕ್ಕೂ ಇದಕ್ಕೂ ಒಂದು ಇಕಾರದ ಅಂತರ. ಅತ್ತಿಬೆಲೆಯ ಗಡಿ ದಾಟಿದರೆ ತಮಿಳರ ಬಾಯಲ್ಲಿ ಅದು ‘ತಾರ್‌ಪ್ಪಾಯ್’. ತಮಿಳಿನ ‘ಪಾಯ್’ ಎಂದರೆ ಚಾಪೆ. ಹಡಗಿನ ಪಟವೂ ಹೌದು. ಅದರ ಸೋದರನೇ ಕನ್ನಡದ ‘ಹಾಯಿ’. ನಾವಿಕರ ಹಡಗಿನಿಂದ ಇಳಿದು ಬಂದ ಬಟ್ಟೆಗೆ ತಮಿಳು ಲಾರಿಯವರು ತಿಳಿಯದೆಯೇ ಹಾಯಿಯ ಹೆಸರನ್ನು ಮರಳಿ ಕೊಟ್ಟರು. ಭಾಷೆಗೆ ಇಂತಹ ನೆನಪಿನ ಶಕ್ತಿ ಉಂಟು.

ಹಳೆಯ ಟಾರ್ಪಾಲು ಹತ್ತಿಯ ದಪ್ಪ ಕ್ಯಾನ್ವಾಸು. ಅದರ ಗುಟ್ಟು ಮೇಣದಲ್ಲಿ ಮಾತ್ರವಲ್ಲ, ನೂಲಿನಲ್ಲಿಯೂ ಇದೆ. ನೆನೆದಾಗ ಹತ್ತಿಯ ಎಳೆ ಉಬ್ಬಿ ನೇಯ್ಗೆಯ ಕಂಡಿಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮಳೆಯೇ ಮಳೆಯನ್ನು ತಡೆಯುತ್ತದೆ. ಅದನ್ನು ಹೊದಿಸುವ ಕ್ರಮವೂ ಇಷ್ಟೇ ಸೂಕ್ಷ್ಮ. ಎರಡು ಟಾರ್ಪಾಲುಗಳಿದ್ದರೆ ಮೊದಲು ಹಿಂದಿನದನ್ನು ಹಾಸಬೇಕು, ಆಮೇಲೆ ಮುಂದಿನದರ ಅಂಚು ಅದರ ಮೇಲೆ ಬರಬೇಕು. ಮೀನಿನ ಹುರುಪೆಗಳು ಹೇಗೆ ಹಿಂದಕ್ಕೆ ಬಾಗಿರುತ್ತವೆಯೋ ಹಾಗೆ. ಹಿಂದುಮುಂದಾದರೆ ಓಟದ ಗಾಳಿ ಸಂದಿನೊಳಗೆ ನುಗ್ಗಿ ಟಾರ್ಪಾಲನ್ನು ನಿಜವಾದ ಹಾಯಿಯನ್ನಾಗಿಯೇ ಮಾಡಿಬಿಡುತ್ತದೆ. ಮುಂಭಾಗದ ಮೂಲೆಗಳಲ್ಲಿ ಉಳಿದ ಬಟ್ಟೆಯನ್ನು ಕಿವಿಯಂತೆ ಮಡಿಸಿ ಪಕ್ಕಕ್ಕೆ, ಹಿಂದಕ್ಕೆ ಒತ್ತುತ್ತಾರೆ. ಗಾಳಿ ಬಡಿದಷ್ಟೂ ಮಡಿಕೆ ಬಿಗಿಯಾಗಬೇಕು, ತೆರೆಯಬಾರದು. ಶತ್ರುವನ್ನೇ ಕಾವಲಿಗೆ ನಿಲ್ಲಿಸುವ ಉಪಾಯವಿದು.

ಈಗ ಹಗ್ಗ ಬರುತ್ತದೆ. ಕ್ಲೀನರು ಸಿಂಬಿ ಸುತ್ತಿದ ಹಗ್ಗವನ್ನು ನೆತ್ತಿಯ ಮೇಲಿಂದ ಆಚೆಗೆ ಎಸೆಯುತ್ತಾನೆ. ಒಂದು ಕೊಕ್ಕೆಗೆ ತುದಿ ಸಿಕ್ಕಿಸಿ, ಇನ್ನೊಂದು ಪಕ್ಕದ ಕೊಕ್ಕೆಯಲ್ಲಿ ಬಿಗಿದು, ಮತ್ತೆ ಎಸೆದು, ಮುಂದಿನಿಂದ ಹಿಂದಕ್ಕೆ ಹೊಲಿಯುತ್ತಾ ಹೋಗುತ್ತಾನೆ. ಬಿಗಿಯುವ ಗಂಟು ನೋಡತಕ್ಕದ್ದು. ಮೇಲಿಂದ ಇಳಿದ ಹಗ್ಗದಲ್ಲಿ ಎದೆಯೆತ್ತರಕ್ಕೆ ಒಂದು ಸುತ್ತು ತಿರುವಿ ಚಿಕ್ಕ ಕುಣಿಕೆ ಮಾಡುತ್ತಾನೆ. ಕೆಳಗಿನ ಹಗ್ಗವನ್ನು ಕೊಕ್ಕೆಗೆ ಸುತ್ತಿ, ಮೇಲಕ್ಕೆ ತಂದು, ಕುಣಿಕೆಯೊಳಗೆ ತೂರಿಸಿ, ಮತ್ತೆ ಕೆಳಕ್ಕೆ ಮೈಭಾರವನ್ನೆಲ್ಲ ಹಾಕಿ ಜಗ್ಗುತ್ತಾನೆ. ಕುಣಿಕೆಯೇ ಮೇಲಿನ ರಾಟೆ, ಕೊಕ್ಕೆಯೇ ಕೆಳಗಿನ ರಾಟೆ. ಲೆಕ್ಕದ ಪ್ರಕಾರ ಅವನ ಬಲ ಮೂರು ಪಟ್ಟಾಗಬೇಕು. ಹಗ್ಗ ಹಗ್ಗವನ್ನು ಉಜ್ಜುವುದರಿಂದ ಅದರಲ್ಲಿ ಬಹುಪಾಲು ನಷ್ಟವಾಗುತ್ತದೆ. ಆದರೆ ಎಳೆಯುವಾಗ ಬಲವನ್ನು ತಿಂದ ಆ ಘರ್ಷಣೆಯೇ, ಎಳೆದು ಕೈಬಿಟ್ಟ ಮೇಲೆ ಹಗ್ಗ ಹಿಂದಕ್ಕೆ ಸರಿಯದಂತೆ ಹಿಡಿದುಕೊಳ್ಳುತ್ತದೆ. ಇನ್ನೂ ಒಂದು ಸೊಗಸಿದೆ: ಕೊಕ್ಕೆಯಿಂದ ಬಿಡಿಸಿದೊಡನೆ ಗಂಟು ತಾನೇ ಕರಗಿ, ನೇರವಾದ ಹಗ್ಗ ಮಾತ್ರ ಉಳಿಯುತ್ತದೆ. ಹತ್ತು ಟನ್ನನ್ನು ಹಿಡಿದಿದ್ದ ಗಂಟು ತನ್ನ ಗುರುತನ್ನೂ ಉಳಿಸುವುದಿಲ್ಲ.

ಇದೇ ಗಂಟು ಜಗತ್ತಿನ ಹಲವು ನಾಡುಗಳಲ್ಲಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಗಾಡಿಕಾರನ ಗಂಟು, ಲಾರಿಯವನ ಗಂಟು ಎಂಬರ್ಥದ ಹೆಸರುಗಳಿವೆ. ಬ್ರಿಟನ್ನಿನ ಲಾರಿಯವರು ಅದನ್ನು ‘ಡಾಲಿ’ ಎಂದು ಮುದ್ದಾಗಿ ಕರೆಯುತ್ತಿದ್ದರು. ಕ್ಲಿಫರ್ಡ್ ಆಶ್ಲಿ ಎಂಬ ಅಮೆರಿಕದ ಚಿತ್ರಕಾರನೊಬ್ಬನು ನಾವಿಕರ, ಕಸುಬುದಾರರ ಬಳಿ ಕುಳಿತು 3800ಕ್ಕೂ ಹೆಚ್ಚು ಗಂಟು ಕಟ್ಟುಗಳನ್ನು ಚಿತ್ರಸಮೇತ ಸಂಗ್ರಹಿಸಿ 1944ರಲ್ಲಿ ಪ್ರಕಟಿಸಿದನು. ನಮ್ಮಲ್ಲಿ ಇದಕ್ಕೆ ಏನೆನ್ನುತ್ತಾರೆಂದು ತಿಳಿಯುವ ಆಸೆಯಿಂದ, ಬೊಮ್ಮಸಂದ್ರದ ಬಳಿ ಲಾರಿ ನಿಲ್ಲಿಸಿ ಚಹ ಕುಡಿಯುತ್ತಿದ್ದ ವೃದ್ಧ ಚಾಲಕರೊಬ್ಬರನ್ನು ನಾನು ಕೇಳಿದೆ.

“ಈ ಗಂಟಿಗೆ ಏನಂತ ಹೆಸರು, ಯಜಮಾನರೇ?”

“ಹೆಸರೇನು ಮೇಷ್ಟ್ರೇ, ಲಾರಿ ಗಂಟು. ಕಟ್ಟೋಕೆ ಬಂದ್ರೆ ಸಾಕು, ಕರೆಯೋಕೆ ಯಾಕೆ?” ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಮುಂದುವರಿಸಿದರು: “ಬಿಗಿಯೋದು ದೊಡ್ಡದಲ್ಲ. ಇಪ್ಪತ್ತು ಮೂವತ್ತು ಕಿಲೋಮೀಟರು ಓಡಿದ ಮೇಲೆ ಇಳಿದು ಒಂದೊಂದು ಹಗ್ಗಾನೂ ಮುಟ್ಟಿ ನೋಡ್ಬೇಕಲ್ಲ, ಅದು ದೊಡ್ಡದು. ನಿದ್ದೆಗಣ್ಣಲ್ಲಿ ಅದನ್ನ ಬಿಟ್ಟೋರೇ ಕೆಟ್ಟೋರು.”

ಆ ಮಾತಿನಲ್ಲಿ ಶಾಸ್ತ್ರವಿದೆ. ರಸ್ತೆಯ ಕುಲುಕಾಟಕ್ಕೆ ಮೂಟೆಗಳು ತಗ್ಗಿ ಕೂರುತ್ತವೆ, ಹಗ್ಗ ಸಡಿಲುತ್ತದೆ. ಹಗ್ಗದ ಜಾತಿಯನ್ನೂ ಅರಿತಿರಬೇಕು. ಸೆಣಬಿನ ಹಗ್ಗ ಮಳೆಯಲ್ಲಿ ನೆನೆದು ಕುಗ್ಗಿ ತಾನೇ ಬಿಗಿಯುತ್ತದೆ, ಬಿಸಿಲಿಗೆ ಒಣಗಿ ಸಡಿಲುತ್ತದೆ. ಆದುದರಿಂದ ಮಳೆ ನಿಂತ ಮೇಲೆ ಎಚ್ಚರ ಹೆಚ್ಚು ಬೇಕು. ತೆಂಗಿನ ನಾರಿನ ಹಗ್ಗ ಒರಟು, ಆದರೆ ಜಗ್ಗಿದರೆ ಹಿಗ್ಗಿ ಮತ್ತೆ ಕೂಡಿಕೊಳ್ಳುವ ಗುಣ ಅದಕ್ಕುಂಟು, ನೀರಿಗೆ ಕೊಳೆಯದು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನೈಲಾನೂ 1950ರ ದಶಕದ ಪಾಲಿಪ್ರೊಪಿಲೀನೂ ಹಗ್ಗಗಳಾಗಿ ನಮ್ಮ ಲಾರಿಗಳಿಗೆ ಬಂದಾಗ, ಹಗುರವೂ ಬಲವೂ ಆದ ಅವುಗಳ ನುಣುಪಿನಿಂದ ಹಳೆಯ ಗಂಟು ಜಾರತೊಡಗಿತು; ಒಂದು ಸುತ್ತಿದ್ದಲ್ಲಿ ಎರಡು ಸುತ್ತು ಹಾಕಬೇಕಾಯಿತು. ಹೊಸ ಹಗ್ಗಕ್ಕೆ ಹಳೆಯ ಗಂಟನ್ನು ಹೊಂದಿಸಿಕೊಂಡವರು ಯಾವ ಸಂಶೋಧನಾಲಯದವರೂ ಅಲ್ಲ, ರಸ್ತೆಯ ಮೇಲಿನವರು. ಈ ಎಚ್ಚರ ತಪ್ಪಿದರೆ ಏನಾಗುತ್ತದೆ? ಇಂದಿನ ಯುರೋಪಿನ ನಿಯಮದಂತೆ ಸರಕಿನ ಕಟ್ಟು, ತಟ್ಟನೆ ಬ್ರೇಕು ಹಾಕಿದಾಗ ಅದರ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲವನ್ನು ಮುಂದಕ್ಕೆ, ಅರ್ಧದಷ್ಟನ್ನು ಪಕ್ಕಗಳಿಗೆ ತಡೆಯಬೇಕು. ಹತ್ತು ಟನ್ನಿನ ಹೇರು ಎಂದರೆ ಎಂಟು ಟನ್ನಿನ ನೂಕು, ಚಾಲಕನ ಬೆನ್ನ ಹಿಂದೆಯೇ. ಗಂಟು ಎಂಬುದು ಅವನಿಗೆ ಅಲಂಕಾರವಲ್ಲ, ಆಯುಸ್ಸು.

ಇಂತಹ ಹೆದ್ದಾರಿಯ ಬದಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. 1976ರಲ್ಲಿ ಹುಟ್ಟಿದ ರಾಜ್ಯದ ಕಿಯೋನಿಕ್ಸ್ ಸಂಸ್ಥೆಯು, ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ, 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಈ ಕೈಗಾರಿಕಾ ನಗರಿಗೆ ಅಡಿಪಾಯ ಹಾಕಿತು. ಸುತ್ತಲೂ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಕಾರ್ಖಾನೆಗಳೆದ್ದವು. 1980ರಲ್ಲಿ ಗಡಿಯಾಚೆಯ ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡಿನ ಕಾರ್ಖಾನೆ ಆರಂಭವಾಗಿ ಲಾರಿಗಳೇ ಈ ರಸ್ತೆಯ ಬೆಳೆಯಾದವು. ಎಲೆಕ್ಟ್ರಾನಿಕ್ ಸಿಟಿಯ ಮೊದಲ ಗೋಡೆಗಳಿಗೆ ಬೇಕಾದ ಸಿಮೆಂಟಿನ ಚೀಲಗಳು ಟಾರ್ಪಾಲಿನ ಅಡಿಯಲ್ಲಿ, ಕಬ್ಬಿಣದ ಸರಳುಗಳು ಕಟ್ಟುಕಟ್ಟಾಗಿ, ತೆರೆದ ಲಾರಿಗಳಲ್ಲಿಯೇ ಬಂದವು. ಗಣಕಯಂತ್ರದ ನಗರಿಗೂ ಮೊದಲ ಅಡಿಪಾಯ ಹಗ್ಗದ ಗಂಟಿನದೇ.

ಆದರೆ ಆ ನಗರಿಯ ಸರಕು ಹಗ್ಗವನ್ನು ನೆಚ್ಚುವಂತಹದಲ್ಲ. ಧೂಳು, ತೇವ, ಕುಲುಕಾಟ ಯಾವುದನ್ನೂ ಸಹಿಸದ ಎಲೆಕ್ಟ್ರಾನಿಕ್ ಉಪಕರಣಕ್ಕೆ ಮುಚ್ಚಿದ ಪೆಟ್ಟಿಗೆಯೇ ಬೇಕು. 1956ರ ಏಪ್ರಿಲ್ 26ರಂದು ಮಾಲ್ಕಂ ಮ್ಯಾಕ್‌ಲೀನ್ ಎಂಬ ಅಮೆರಿಕದ ಸಾಗಣೆದಾರನು 58 ಕಂಟೇನರುಗಳನ್ನು ಹಡಗಿಗೆ ಏರಿಸಿ ಕಳುಹಿಸಿದಾಗ ಜಗತ್ತಿನ ಸಾಗಣೆಯ ರೀತಿಯೇ ಬದಲಾಯಿತು. ಆ ಪೆಟ್ಟಿಗೆ 1973ರಲ್ಲಿ ಕೊಚ್ಚಿಯ ಬಂದರಿಗೆ ಬಂದಿತು. ದೇಶದ ಮೊತ್ತಮೊದಲ ಒಳನಾಡಿನ ಕಂಟೇನರ್ ನಿಲ್ದಾಣ 1981ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ತೆರೆಯಿತು. ಪೆಟ್ಟಿಗೆಗೆ ಬೀಗ ಸಾಕು, ಗಂಟು ಬೇಡ. ತೆರೆದ ಬಂಡಿಯಲ್ಲಿ ಹೋಗುವ ಯಂತ್ರಗಳಿಗೂ ಈಗ ಹಲ್ಲುಚಕ್ರದಿಂದ ಬಿಗಿಯುವ ಪಾಲಿಯೆಸ್ಟರ್ ಪಟ್ಟಿಗಳು. ಅವುಗಳ ಬಲವನ್ನು ಪಟ್ಟಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಕಾನೂನೂ ಬಿಗಿಯಾಗಿದೆ: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ, ಅನುಮತಿಸಿದ ಎತ್ತರವನ್ನೋ ಮೈಯ ಅಂಚನ್ನೋ ಮೀರಿ ಚಾಚಿದ ಹೇರಿಗೆ 20,000 ರೂಪಾಯಿ ದಂಡವನ್ನು ಗೊತ್ತುಪಡಿಸಿದೆ. ಬೆಟ್ಟದಂತಹ ಹೇರನ್ನು ಕಟ್ಟುವುದು ಒಂದು ಕಾಲದಲ್ಲಿ ಜಾಣ್ಮೆ, ಇಂದು ಅಪರಾಧ.

ಈ ಬದಲಾವಣೆಗೆ ನಾನು ಕಣ್ಣೀರು ಸುರಿಸುವವನಲ್ಲ. ಮಳೆಯಲ್ಲಿ ನೆನೆದು ಜಾರುವ ಟಾರ್ಪಾಲಿನ ಮೇಲೆ, ಎರಡಾಳೆತ್ತರದಲ್ಲಿ, ಹಿಡಿಕೆಯಿಲ್ಲದೆ ನಡೆದಾಡುವ ಹುಡುಗನ ಕಾಲು ಜಾರಿದರೆ ಅವನನ್ನು ಹಿಡಿದುಕೊಳ್ಳಲು ಯಾವ ಹಗ್ಗವೂ ಇರುತ್ತಿರಲಿಲ್ಲ. ಅಂಗೈಯ ಚರ್ಮ ಸುಲಿಯುವ ಕೆಲಸಕ್ಕೆ ‘ಜನಪದ ಕಲೆ’ಯೆಂಬ ಹೆಸರು ಕೊಟ್ಟು, ಅವನು ಅದನ್ನೇ ಮಾಡುತ್ತಿರಲಿ ಎಂದು ದೂರದಿಂದ ಹಾರೈಸುವುದು ನಗರವಾಸಿಗಳಾದ ನಮಗೆ ಶೋಭಿಸುವುದಿಲ್ಲ. ಪೆಟ್ಟಿಗೆ ಬರಲಿ, ಪಟ್ಟಿ ಬರಲಿ. ಆದರೆ ಎರಡು ಪ್ರಶ್ನೆಗಳನ್ನು ಕೇಳಲೇಬೇಕು.

ಮೊದಲನೆಯದು ಅನ್ನದ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೇರೆತ್ತಿನ ದಾರಿ ಮುಚ್ಚಿದಾಗ ಲಂಬಾಣಿಗಳ ಗತಿ ಏನಾಯಿತೆಂಬುದನ್ನು ಆಗ ಯಾರೂ ಕೇಳಲಿಲ್ಲ. ಹೊಸ ರಸ್ತೆಯ ಉದ್ದವನ್ನು ಮಾತ್ರ ಬರೆದಿಟ್ಟರು. ಇಂದು ಅಟ್ಟಿ ಹೊತ್ತ ಹಮಾಲನೂ ಹಗ್ಗ ಎಸೆದ ಕ್ಲೀನರೂ ಅದೇ ಕವಲುದಾರಿಯಲ್ಲಿ ನಿಂತಿದ್ದಾರೆ. ಹೆದ್ದಾರಿ, ಮೇಲುರಸ್ತೆ, ಮೆಟ್ರೋಗಳ ಉದ್ದವನ್ನು ಬರೆಯುವ ನಾವು ಈ ಸಲವಾದರೂ ಇವರ ಲೆಕ್ಕವನ್ನು ಬರೆಯಬೇಕಲ್ಲವೆ?

ಎರಡನೆಯದು ಅಕ್ಷರದ ಪ್ರಶ್ನೆ. ನುಲಿಯ ಚಂದಯ್ಯನಿಗೆ ಎಂಟುನೂರು ವರ್ಷಗಳ ಹಿಂದೆ ತನ್ನ ಮಾತಿತ್ತು, ತನ್ನ ಅಂಕಿತವಿತ್ತು, ಅದನ್ನು ಬರೆದುಕೊಂಡವರಿದ್ದರು. ಆತನ ಹಗ್ಗ ಎಂದೋ ಮಣ್ಣಾಯಿತು, ಮಾತು ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ, ಅಕ್ಷರ ಅಷ್ಟೊಂದು ಅಗ್ಗವಾಗಿದ್ದ ಕಾಲದಲ್ಲಿ, ದೇಶದ ಅಕ್ಕಿಯನ್ನೂ ಸಿಮೆಂಟನ್ನೂ ಕಟ್ಟಿ ಒಯ್ದ ಸಹಸ್ರಾರು ಜನರ ಗಂಟಿಗೆ ಹೆಸರಿಲ್ಲ. ‘ಕರೆಯೋಕೆ ಯಾಕೆ’ ಎಂದು ಅವರೇ ಕೇಳುವಂತಾಗಿದೆ. ಕಿಟೆಲರು 1894ರಲ್ಲಿ ತಮ್ಮ ನಿಘಂಟನ್ನು ಮುಗಿಸಿದಾಗ ಒಕ್ಕಲಿಗನ ಕಣ್ಣಿ, ಮಿಣಿಗಳೆಲ್ಲ ಅದರಲ್ಲಿ ಬಂದು ಸೇರಿದುವು. ಹೊರದೇಶದಿಂದ ಬಂದ ಪಾದ್ರಿಯೊಬ್ಬರು ಗಾಡಿಯ ಹಗ್ಗಕ್ಕೆ ಕೊಟ್ಟ ಗೌರವವನ್ನು ಲಾರಿಯ ಹಗ್ಗಕ್ಕೆ ಕೊಡಲು ಕನ್ನಡ ಎಂ.ಎ. ಮಾಡಿದ ನಮ್ಮಂಥವರಿಗೆ ಬಿಡುವಾಗಲಿಲ್ಲವೆ? ಕಷ್ಟವೇನೂ ಅಲ್ಲ. ಬಲ್ಲ ಕೈಗಳು ಇನ್ನೂ ಇವೆ. ಯಶವಂತಪುರದ ಮಂಡಿಯಲ್ಲಿ, ಅತ್ತಿಬೆಲೆಯ ಗಡಿಯಲ್ಲಿ, ಬೊಮ್ಮಸಂದ್ರದ ಚಹದಂಗಡಿಯ ಮುಂದೆ ಅವು ಇಂದೂ ಹಗ್ಗವನ್ನು ಎಸೆಯುತ್ತಿವೆ. ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಅಲ್ಲಿಗೆ ಹೋಗಿ, ಯಾವ ಕಟ್ಟಿಗೆ ಯಾವ ಸೀಮೆಯಲ್ಲಿ ಏನೆನ್ನುತ್ತಾರೆ, ಯಾವ ಹಗ್ಗಕ್ಕೆ ಎಷ್ಟು ಸುತ್ತು, ಯಾವ ಹೇರಿಗೆ ಯಾವ ಅಟ್ಟಿ ಎಂದು ಕೇಳಿ, ಚಿತ್ರ ಬರೆದು ತಂದರೆ ಒಂದು ಪದಕೋಶವೇ ಆದೀತು.

ಆ ಗಂಟಿನ ಸ್ವಭಾವವನ್ನು ಆಗಲೇ ಹೇಳಿದೆ: ಕೊಕ್ಕೆಯಿಂದ ಬಿಟ್ಟರೆ ಗುರುತಿಲ್ಲದೆ ಕರಗಿಹೋಗುತ್ತದೆ. ಅದು ಗಂಟಿನ ಸೊಗಸು. ಆದರೆ ಕಟ್ಟಿದವರೂ ಹಾಗೆಯೇ ಗುರುತಿಲ್ಲದೆ ಹೋದರೆ ಅದು ಸೊಗಸಲ್ಲ, ನಮ್ಮ ಭಾಷೆಯ ಸಾಲ.